ಎರಡನೆಯ ಹಾರ್ನಿನವನ ಉತ್ತರಪತ್ರಿಕೆ

ಶ್ರೀಮತಿ ಹೆಡ್ವಿಕಾ ಅವರೇ,
ನೀವು ಕೇಳಿದ್ದು ಸಿಂಫನಿಯ ಮೊದಲ ಭಾಗದ ವಿಶ್ಲೇಷಣೆ:
ವಸ್ತು, ಶ್ರುತಿ, ಲಯ, ವಾದ್ಯಗಳ ಹಂಚಿಕೆ,
ಎರಡು ಪುಟ ಮೀರದಂತೆ, ಗುರುವಾರದೊಳಗೆ.
ಬುಧವಾರ ನನಗೆ ರಾತ್ರಿ ಪಾಳಿ.
ಪ್ಶೆರೊವ್ ಜಂಕ್ಷನ್ನಿನ ಉತ್ತರದ ಕ್ಯಾಬಿನ್ನಿನಲ್ಲಿ
ಎರಡು ಗೂಡ್ಸ್ ಗಾಡಿಗಳ ನಡುವೆ ಬರೆದದ್ದಿದು.
ಎಣ್ಣೆಯ ಕಲೆಗೆ ಕ್ಷಮೆಯಿರಲಿ.

ರಚಿಸಿದವನ ಹೆಸರನ್ನು ಇಲಿ ತಿಂದಿದೆ.
ಉಳಿದದ್ದು ಕೋಟೆಯ ಅಟ್ಟದಲ್ಲಿ ಸಿಕ್ಕ ಬಿಡಿ ಹಾಳೆಗಳು;
ನನ್ನ ಪಾಲಿನ ಹಾಳೆಯಲ್ಲಿ ಬಹುಪಾಲು ಮೌನವೇ.
ಎರಡು ಗೀಟುಗಳ ನಡುವೆ ಒಂದು ಮನೆ,
ಮನೆಯೊಳಗೆ ನಾಲ್ಕು ಎಣಿಕೆ.
ಉಳಿದವರು ಸ್ವರ ಓದುತ್ತಾರೆ, ನಾನು ಖಾಲಿ ಮನೆ ಎಣಿಸುತ್ತೇನೆ.
ಹಾಗಾಗಿ ನನ್ನ ವಿಶ್ಲೇಷಣೆ ಹಿತ್ತಿಲ ಬಾಗಿಲಿನಿಂದ.

ಮೊದಲು ಮೂರು ಪೆಟ್ಟು, ಎಲ್ಲರೂ ಕೂಡಿ, ಡಿ ಶ್ರುತಿಯಲ್ಲಿ:
ಬಾಗಿಲು ತಟ್ಟುವವನದಲ್ಲ,
ಬಾಗಿಲೇ ತನ್ನದು ಎನ್ನುವವನ ಪೆಟ್ಟು.
ಆಮೇಲೆ ಪಿಟೀಲುಗಳು ಮೆಲ್ಲಗೆ,
ಗದರಿದ್ದಕ್ಕೆ ತಾವೇ ನಾಚಿದಂತೆ.
ನಾಲ್ಕು ಮನೆ ಪ್ರಶ್ನೆ, ನಾಲ್ಕು ಮನೆ ಉತ್ತರ. ತೂಕ ಸರಿ.
ಆದರೆ ಎರಡನೆಯ ಸಲ ಉತ್ತರಕ್ಕೆ ಐದು ಮನೆ.
ನೀವದನ್ನು ವಿಸ್ತರಣೆ ಎನ್ನುತ್ತೀರಿ.
ನಾನು: ಹೊಸ್ತಿಲಲ್ಲಿ ನಿಂತು ಮತ್ತೆ ಮಾತಿಗಿಳಿದ ನೆಂಟ.

ಸೇತುವೆ ಎಂದು ನೀವು ಹೇಳಿಕೊಟ್ಟದ್ದು
ನನ್ನ ಕೆಲಸದಲ್ಲಿ ಪಾಯಿಂಟ್ಸ್.
ಇಪ್ಪತ್ತೊಂಬತ್ತನೆಯ ಮನೆಯಲ್ಲಿ, ವಯೊಲಾದಲ್ಲಿ,
ಜಿ ಅರ್ಧ ಮೆಟ್ಟಿಲು ಮೇಲೇರುತ್ತದೆ.
ಅಷ್ಟೇ. ಗೇಣಿಗಿಂತ ಕಡಿಮೆ ಉಕ್ಕು ಸರಿದರೆ
ನಲವತ್ತು ಡಬ್ಬಿಯ ಗಾಡಿ ಬೇರೆ ಊರಿಗೆ ಹೊರಟಂತೆ
ಇಡೀ ಮೇಳ ಪಂಚಮದ ಹಳಿಗೆ ಹೊರಳುತ್ತದೆ.
ಕೂತವರಿಗೆ ಕುಲುಕೂ ತಿಳಿಯದು.

ಅಲ್ಲಿ ಎರಡನೆಯ ಮಾತು. ಓಬೋ ಹೇಳುತ್ತದೆ,
ಬಸೂನು ಹೌದೌದು ಎನ್ನುತ್ತದೆ.
ನನಗೆ ಇಪ್ಪತ್ತೆರಡು ಖಾಲಿ ಮನೆ.
ಕವಾಟವಿಲ್ಲದ ಕಾಲದ ಬರಹ ಇದು,
ಸುತ್ತಿದ ಹಿತ್ತಾಳೆ ತಾನಾಗಿ ಕೊಟ್ಟಷ್ಟೇ ಸ್ವರ;
ಆ ಊರಿನಲ್ಲಿ ಚಲಾವಣೆಯಾಗುವ ನಾಣ್ಯ ನಮ್ಮ ಜೇಬಿನಲ್ಲಿಲ್ಲ.

ನಡುಭಾಗದಲ್ಲಿ ಇನ್ನೂ ದೂರ: ಬಿ ಮೈನರ್, ಎಫ್ ಶಾರ್ಪ್ ಮೈನರ್.
ಮೂರು ಪೆಟ್ಟು ಈಗ ದಪ್ಪ ತಂತಿಗಳ ಗೊಣಗು.
ದುಃಖ ಶುರುವಾದಲ್ಲೆಲ್ಲ ಹಾರ್ನ್ ಸುಮ್ಮನಿದೆ.
ಗಾಂಭೀರ್ಯವಲ್ಲ ಮೇಡಂ, ಸ್ವರವಿಲ್ಲ.
ನನ್ನ ಈಗಿನ ಹಾರ್ನಿನಲ್ಲಿ ಕವಾಟಗಳಿವೆ, ಎಲ್ಲ ಸ್ವರವೂ ಇದೆ;
ಬರೆದಿಲ್ಲ, ಆದ್ದರಿಂದ ಊದುವುದಿಲ್ಲ.
ಫೆಬ್ರವರಿಯಲ್ಲಿ ಬೊಹುಸ್ಲಾವ್ ಹೋದಾಗ
(ಹತ್ತೊಂಬತ್ತು ವರ್ಷ ನನ್ನ ಪಕ್ಕ ಕೂತು ಉಸಿರೆಳೆದವನು)
ಅವನ ಹೆಂಡತಿಯ ಮುಂದೆ ಟೋಪಿ ತಿರುಗಿಸುತ್ತ ನಿಂತಿದ್ದೆ,
ಮೂವತ್ತು ಮನೆಯಷ್ಟು ಹೊತ್ತು.
ಇದು ಪ್ರಶ್ನೆಗೆ ಸಂಬಂಧಿಸಿದ್ದಲ್ಲ. ಹೊಡೆದುಹಾಕಬಹುದು.

ತೊಂಬತ್ತೇಳನೆಯ ಮನೆ:
ಮೊದಲ ಮಾತು ಮರಳುತ್ತದೆ, ಆದರೆ ಜಿ ಶ್ರುತಿಯಲ್ಲಿ.
ಬೊಹುಸ್ಲಾವನ ಕುರ್ಚಿಯಲ್ಲೀಗ ಹದಿನಾಲ್ಕರ ರೊಜಾಲಿಯಾ,
ಎಣಿಸುವುದೇ ಇಲ್ಲ, ಕಿವಿಯನ್ನೇ ನಂಬುತ್ತಾಳೆ.
ಹಾರ್ನ್ ತುಟಿಗೇರಿಸಿದಳು. ಮೊಣಕಾಲಿನಿಂದ ತಟ್ಟಿದೆ:
ಅದಲ್ಲ. ದೀಪ ನಮ್ಮ ಗಾಡಿಯದರಂತೆಯೇ, ಹಳಿ ಬೇರೆ.
ಇನ್ನೂ ಹನ್ನೆರಡು ಮನೆ.

ನೂರೊಂಬತ್ತು. ಮೂರು ಪೆಟ್ಟು. ತವರು.
ಮುಂದೆ ಎಲ್ಲ ಮೊದಲಿನಂತೆ, ಎನ್ನುತ್ತದೆ ನಿಮ್ಮ ಪಠ್ಯ.
ಇಲ್ಲ. ಎರಡನೆಯ ಮಾತು ಈ ಸಲ ನಮ್ಮೂರಿಗೇ ಬಂದಿದೆ;
ಅದೇ ಓಬೋ, ಅದೇ ಹೌದೌದು,
ಅಡಿಯಲ್ಲಿ ಮಾತ್ರ ನಮಗೆ ಎರಡೆರಡು ಸ್ವರ, ಉದ್ದಕ್ಕೆ, ಮೆಲ್ಲಗೆ.
ಯಾರಿಗೂ ಕೇಳಿಸದು. ತೆಗೆದು ನೋಡಿ,
ಓಬೋ ಹಗ್ಗ ಬಿಚ್ಚಿದ ದೋಣಿ.
ಹೊರಗೆ ನಿಂತು ಎರಡು ಸಲ ಕೇಳಿದ ಮಾತಿಗೆ
ಒಳಗಿನಿಂದ ಉಸಿರು ಕೊಡುವುದು:
ಪುನರಾಗಮನ ಎಂದರೆ ನನಗೆ ಇಷ್ಟು.

ಮಂಗಳವಾರದ ಅಭ್ಯಾಸದಲ್ಲಿ ಅಲ್ಲಿಗೆ ಬಂದಾಗ
ರೊಜಾಲಿಯಾ ನನ್ನತ್ತ ನೋಡದೆಯೇ ಉಸಿರೆಳೆದಳು,
ಸರಿಯಾದ ಮನೆಯಲ್ಲಿ.

ಮುಕ್ತಾಯದ ಬಗ್ಗೆ ಬರೆಯಲಾಗಲಿಲ್ಲ.
ಒಸ್ಟ್ರಾವಾ ಗಾಡಿಯ ಗಂಟೆ ಹೊಡೆಯಿತು.